ಮೆಹರ್‌ಬಾಯಿ ಟಾಟಾ

ಮಕ್ಕಳೇ, ಕ್ಯಾನ್ಸರ್ ರೋಗಿಗಳು ಇಚಲಕರಂಜಿಯಿಂದ ಮುಂಬಯಿಯ ಟಾಟಾ ಆಸ್ಪತ್ರೆಗೆ ಹೋಗುವುದನ್ನು ನೀವು ಕೇಳಿರಬಹುದು. ಆ ಆಸ್ಪತ್ರೆಯ ಹಿಂದೆ ಒಬ್ಬ ಮಹಿಳೆಯ ನೆನಪಿದೆ.

ಮೆಹರ್‌ಬಾಯಿ 1879ರಲ್ಲಿ ಜನಿಸಿದರು. ತಂದೆ ಹೊರ್ಮಸ್‌ಜಿ ಭಾಭಾ ಮೈಸೂರು ಸಂಸ್ಥಾನದ ಶಿಕ್ಷಣಾಧಿಕಾರಿಗಳಾಗಿದ್ದರು. ಆದ್ದರಿಂದ ಮಗಳು ಬೆಳೆದದ್ದು ಬೆಂಗಳೂರಿನಲ್ಲಿ. 1898ರಲ್ಲಿ ದೊರಾಬ್ಜಿ ಟಾಟಾ ಅವರೊಡನೆ ವಿವಾಹವಾಯಿತು. ಅವರು ಟೆನಿಸ್ ಆಟದಲ್ಲಿ ನಿಪುಣರು. ಸ್ತ್ರೀಶಿಕ್ಷಣಕ್ಕಾಗಿ ದುಡಿದರು, ಬಾಲ್ಯವಿವಾಹವನ್ನು ವಿರೋಧಿಸಿದರು. 1924ರಲ್ಲಿ ಟಾಟಾ ಉಕ್ಕಿನ ಕಾರ್ಖಾನೆ ಸಂಕಟಕ್ಕೆ ಸಿಲುಕಿತು. ಕಾರ್ಮಿಕರ ಸಂಬಳಕ್ಕಾಗಿ ಅವರ ದೊಡ್ಡ ವಜ್ರವನ್ನೂ ಒತ್ತೆಯಿಡಲಾಯಿತು.

1931ರಲ್ಲಿ ಮೆಹರ್‌ಬಾಯಿ ರಕ್ತದ ಕ್ಯಾನ್ಸರಿನಿಂದ ವಿದೇಶದಲ್ಲಿ ತೀರಿಕೊಂಡರು. ಅಂಥ ಚಿಕಿತ್ಸೆ ನಮ್ಮ ದೇಶದವರಿಗೂ ಸಿಗಬೇಕೆಂದು ದೊರಾಬ್ಜಿ ಬಯಸಿದರು. ಆದರೆ ಮರುವರ್ಷವೇ ಅವರೂ ಅಗಲಿದರು. ಅವರ ಸಂಪತ್ತೆಲ್ಲ ಟ್ರಸ್ಟಿಗೆ ಸೇರಿತು. ಮುಂದೆ ವಜ್ರವನ್ನೂ ಮಾರಲಾಯಿತು. 1941ರ ಫೆಬ್ರವರಿ 28ರಂದು ಆಸ್ಪತ್ರೆ ಆರಂಭವಾಯಿತು.

ಅಲ್ಲಿ ಕೊಡುವ ಚಿಕಿತ್ಸೆಗಳಲ್ಲಿ ವಿಕಿರಣ ಚಿಕಿತ್ಸೆಯೂ ಒಂದು. ಕಣ್ಣಿಗೆ ಕಾಣದ ಕಿರಣಗಳನ್ನು ಗಡ್ಡೆಯ ಮೇಲೆ ಹಾಯಿಸಿ ಕ್ಯಾನ್ಸರ್ ಕೋಶಗಳನ್ನು ನಾಶಮಾಡುತ್ತಾರೆ. ಕಿರಣ ಹಾಯುವಾಗ ನೋವಾಗುವುದಿಲ್ಲ. ಈ ಚಿಕಿತ್ಸೆಗಾಗಿ ಭಾರತದಲ್ಲೇ ತಯಾರಾದ ಒಂದು ಯಂತ್ರದ ಹೆಸರು ಭಾಭಾಟ್ರಾನ್. ಅದು ಮೆಹರ್‌ಬಾಯಿಯವರ ಸೋದರಳಿಯ, ವಿಜ್ಞಾನಿ ಹೋಮಿ ಭಾಭಾ ಅವರ ಹೆಸರು.

ಮಕ್ಕಳೇ, ಒಂದು ಮನೆಯ ದುಃಖ ಸಾವಿರಾರು ಮನೆಗಳಿಗೆ ಆಸರೆಯಾಯಿತಲ್ಲವೇ?