ಕರುಳಿನಿಂದ ನೈಲಾನಿಗೆ: ಸೆಗೋವಿಯಾ ಮೀಟಿದ ತಂತಿ

ಎರಡನೆಯ ಮಹಾಯುದ್ಧ ಕಸಿದುಕೊಂಡ ವಸ್ತುಗಳ ಪಟ್ಟಿಯಲ್ಲಿ ಗಿಟಾರಿನ ತಂತಿಯೂ ಸೇರಿತ್ತೆಂಬುದು ಹೆಚ್ಚು ಜನರಿಗೆ ತಿಳಿಯದು. ಅಂದಿನವರೆಗೆ ಶಾಸ್ತ್ರೀಯ ಗಿಟಾರಿನ ತಾರಸ್ಥಾಯಿಯ ಮೂರು ತಂತಿಗಳನ್ನು ಪ್ರಾಣಿಗಳ ಕರುಳಿನಿಂದ ಹೊಸೆಯುತ್ತಿದ್ದರು. ಮಂದ್ರದ ಮೂರು ತಂತಿಗಳು ರೇಷ್ಮೆ ಎಳೆಗಳ ಮೇಲೆ ಲೋಹದ ಸರಿಗೆ ಸುತ್ತಿದಂಥವು. ಗಾಯ ಹೊಲಿಯಲು ಶಸ್ತ್ರವೈದ್ಯರಿಗೆ ಬೇಕಾಗಿದ್ದುದೂ ಕರುಳಿನ ದಾರವೇ. ರಣರಂಗದ ಗಾಯಾಳುಗಳ ಅಗತ್ಯದ ಮುಂದೆ ಸಂಗೀತಗಾರರ ಬೇಡಿಕೆ ಸಹಜವಾಗಿಯೇ ಹಿಂದೆ ಸರಿಯಿತು. ಈ ಅಭಾವದಿಂದ ಕಂಗೆಟ್ಟವರಲ್ಲಿ ಪ್ರಮುಖರು ಸ್ಪೇನಿನ ಆಂದ್ರೇಸ್ ಸೆಗೋವಿಯಾ.

1893ರಲ್ಲಿ ಲಿನಾರೆಸ್ ಪಟ್ಟಣದಲ್ಲಿ ಜನಿಸಿದ ಸೆಗೋವಿಯಾ ಬೆಳೆದದ್ದು ಚಿಕ್ಕಪ್ಪ-ಚಿಕ್ಕಮ್ಮನ ಆಶ್ರಯದಲ್ಲಿ. ಸ್ಪೇನಿನಲ್ಲಿ ಗಿಟಾರ್ ಮನೆಮನೆಯ ವಾದ್ಯವಾಗಿದ್ದರೂ ಅದಕ್ಕೆ ಮರ್ಯಾದೆಯ ಸ್ಥಾನವಿರಲಿಲ್ಲ. ಹೆಂಡದಂಗಡಿಯ ಹಾಡಿಗೆ, ಫ್ಲಮೆಂಕೊ ಕುಣಿತಕ್ಕೆ ಅದು ಸಾಕು ಎಂದು ವಿದ್ಯಾವಂತ ಸಮಾಜ ಭಾವಿಸಿತ್ತು. ತಾರೇಗಾ ಅವರಂಥ ಹಿರಿಯರು ಅದಕ್ಕೆ ಗಂಭೀರ ಸಂಗೀತದ ದಾರಿ ತೋರಿದ್ದರೂ ಆ ಸಾಧನೆ ಸಣ್ಣ ರಸಿಕವಲಯಕ್ಕೆ ಸೀಮಿತವಾಗಿತ್ತು. ಮನೆಯವರ ಅಸಮಾಧಾನವನ್ನು ಲೆಕ್ಕಿಸದೆ ಸೆಗೋವಿಯಾ ಬಹುಮಟ್ಟಿಗೆ ತಾವೇ ಗುರು, ತಾವೇ ಶಿಷ್ಯರಾಗಿ ಕಲಿತರು. ಹದಿಹರೆಯದಲ್ಲೇ ಗ್ರಾನಡಾದಲ್ಲಿ ಮೊದಲ ಕಛೇರಿ ನೀಡಿದರು. 1912ರಲ್ಲಿ ಮ್ಯಾಡ್ರಿಡ್‌ನ ಕಛೇರಿಗೆಂದು ಬಾಡಿಗೆಗೆ ವಾದ್ಯ ಕೇಳಲು ಹೋದಾಗ, ಅವರ ಕೈಚಳಕಕ್ಕೆ ಮಾರುಹೋದ ಮ್ಯಾನ್ಯುಯಲ್ ರಾಮಿರೆಜ್ ಉತ್ತಮ ಗಿಟಾರೊಂದನ್ನು ಉಚಿತವಾಗಿಯೇ ಕೊಟ್ಟುಬಿಟ್ಟರಂತೆ. ಕಾಲು ಶತಮಾನ ಅವರ ತೊಡೆಯ ಮೇಲಿದ್ದ ಆ ವಾದ್ಯ ಇಂದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ.

1924ರಲ್ಲಿ ಪ್ಯಾರಿಸ್, 1928ರಲ್ಲಿ ನ್ಯೂಯಾರ್ಕ್ ಅವರನ್ನು ಮನ್ನಿಸಿದವು. ನುಡಿಸಲು ಕೃತಿಗಳೇ ಕಡಿಮೆಯಿದ್ದ ವಾದ್ಯಕ್ಕಾಗಿ ಅವರು ಸಂಗೀತಕಾರರ ಬೆನ್ನುಹತ್ತಿ ಹೊಸ ರಚನೆಗಳನ್ನು ಬರೆಯಿಸಿದರು. ಟೊರೊಬಾ, ಪೋನ್ಸೆ, ವಿಲ್ಲಾ-ಲೋಬೋಸ್, ರೊಡ್ರಿಗೊ ಮೊದಲಾದವರು ಅವರಿಗಾಗಿ ಬರೆದರು. ಬಾಕ್ ಪಿಟೀಲಿಗೆಂದು ರಚಿಸಿದ ‘ಶಕೋನ್’ ಕೃತಿಯನ್ನು 1935ರಲ್ಲಿ ಪ್ಯಾರಿಸ್‌ನಲ್ಲಿ ಗಿಟಾರಿನ ಮೇಲೆ ನುಡಿಸಿದ್ದು ಒಂದು ದಿಟ್ಟ ಹೆಜ್ಜೆ.

ಆದರೆ ಇಷ್ಟೆಲ್ಲ ಸಾಧನೆಯೂ ನಿಂತಿದ್ದುದು ನಂಬಲಾಗದ ತಂತಿಯ ಮೇಲೆ. ಕರುಳು ಹವೆಯ ತೇವವನ್ನು ಹೀರಿ ಶ್ರುತಿ ಕೆಡಿಸುತ್ತದೆ. ಉಗುರಿನ ಹೊಡೆತಕ್ಕೆ ಎಳೆ ಬಿಚ್ಚುತ್ತದೆ. ಕಛೇರಿಯ ನಡುವೆಯೇ ತುಂಡಾಗಬಹುದು. 1936ರಲ್ಲಿ ಅಂತರ್ಯುದ್ಧದ ಕಾರಣ ಸ್ಪೇನನ್ನು ತೊರೆದು ಮಾಂಟೆವಿಡಿಯೊದಲ್ಲಿ ನೆಲೆಸಿದ ಸೆಗೋವಿಯಾ ಯುದ್ಧದ ವರ್ಷಗಳಲ್ಲಿ ಮತ್ತೆ ನ್ಯೂಯಾರ್ಕಿಗೆ ಬಂದಾಗ ಆ ದುರ್ಬಲ ತಂತಿಯೂ ಸಿಗುವುದು ಕಷ್ಟವಾಗಿತ್ತು.

ಅಲ್ಲಿ ಅವರಿಗೆ ಜೊತೆಯಾದವರು ಆಲ್ಬರ್ಟ್ ಆಗಸ್ಟೀನ್ ಎಂಬ ಡೆನ್ಮಾರ್ಕ್ ಮೂಲದ ವಾದ್ಯ ತಯಾರಕ. ಡ್ಯೂಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ 1930ರ ದಶಕದಲ್ಲಿ ಹುಟ್ಟಿದ ನೈಲಾನ್ ಆಗ ಹೆಂಗಸರ ಕಾಲುಚೀಲದಿಂದ ಪ್ಯಾರಾಚೂಟಿನವರೆಗೆ ಬಳಕೆಯಾಗುತ್ತಿತ್ತು. ಅದನ್ನೇ ತಂತಿಯಾಗಿಸಬಹುದೆಂಬುದು ಆಗಸ್ಟೀನ್ ಅವರ ಎಣಿಕೆ. ಗಿಟಾರ್ ವಾದಕರು ಈ ಕೃತಕ ಎಳೆಯ ನಾದವನ್ನು ಒಪ್ಪುವರೆಂಬ ನಂಬಿಕೆ ಡ್ಯೂಪಾಂಟ್‌ಗೆ ಮೊದಲಿಗೆ ಇರಲಿಲ್ಲ. ಉದ್ದಕ್ಕೂ ದಪ್ಪದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ತಂತಿ ಸ್ವರ ತಪ್ಪುತ್ತದೆ. ಆದ್ದರಿಂದ ಕೆಲಸ ಸುಲಭದ್ದಾಗಿರಲಿಲ್ಲ. ಆಗಸ್ಟೀನ್ ತಯಾರಿಸಿದರು, ಸೆಗೋವಿಯಾ ನುಡಿಸಿ ಪರೀಕ್ಷಿಸಿದರು. 1940ರ ದಶಕ ಮುಗಿಯುವ ಮೊದಲೇ ನೈಲಾನ್ ತಂತಿ ಮಾರುಕಟ್ಟೆಗೆ ಬಂದಿತು. ಮಂದ್ರದ ತಂತಿಗಳಲ್ಲೂ ರೇಷ್ಮೆಯ ಜಾಗವನ್ನು ನೈಲಾನ್ ಎಳೆಗಳು ಆಕ್ರಮಿಸಿದವು. ಕೆಲವೇ ವರ್ಷಗಳಲ್ಲಿ ಶಾಸ್ತ್ರೀಯ ಗಿಟಾರಿನಿಂದ ಕರುಳು ಬಹುತೇಕ ಮರೆಯಾಯಿತು. 1967ರಲ್ಲಿ ಆಗಸ್ಟೀನ್ ನಿಧನರಾದ ಬಳಿಕ ಪತ್ನಿ ರೋಸ್ ಕಂಪನಿಯನ್ನು ಮುನ್ನಡೆಸಿದರು.

ಸೆಗೋವಿಯಾ ದೋಷಾತೀತರೇನಲ್ಲ. ಶಿಷ್ಯರು ತಮ್ಮ ಶೈಲಿಯನ್ನು ಮೀರುವುದು ಅವರಿಗೆ ಸಹನೆಯಾಗುತ್ತಿರಲಿಲ್ಲ. ಆಧುನಿಕ ಸಂಗೀತದ ಬಗೆಗೆ ಅವರ ಅಭಿರುಚಿ ಸಂಕುಚಿತವಾಗಿತ್ತು. ಫ್ರಾಂಕ್ ಮಾರ್ಟಿನ್ 1933ರಲ್ಲಿ ಅವರಿಗಾಗಿಯೇ ಬರೆದ ಕೃತಿಯನ್ನು ಅವರು ನುಡಿಸಲೇ ಇಲ್ಲ. ಸ್ಪೇನಿನ ಮತ್ತೊಬ್ಬ ಮಹಾನ್ ವಾದಕ ಕಸಾಲ್ಸ್ ಸರ್ವಾಧಿಕಾರಿ ಫ್ರಾಂಕೊನನ್ನು ವಿರೋಧಿಸಿ ಕೊನೆಯವರೆಗೆ ದೇಶಭ್ರಷ್ಟರಾಗಿ ಉಳಿದರೆ, ಸೆಗೋವಿಯಾರ ಒಲವು ಫ್ರಾಂಕೊನ ಪಕ್ಷದತ್ತ ಇತ್ತು. ಅವರ ಕಲೆಯನ್ನು ಮೆಚ್ಚುವವರು ಇದನ್ನು ಮುಚ್ಚಿಡಬೇಕಿಲ್ಲ.

1981ರಲ್ಲಿ ಸ್ಪೇನಿನ ದೊರೆ ಅವರಿಗೆ ಸಲೊಬ್ರೆನ್ಯಾದ ಮಾರ್ಕ್ವಿಸ್ ಎಂಬ ಪದವಿ ನೀಡಿದರು. ತೊಂಬತ್ತು ದಾಟಿದ ಮೇಲೂ ಕಛೇರಿ ನಡೆಸುತ್ತಿದ್ದ ಅವರು 1987ರ ಜೂನ್ 2ರಂದು, 94ನೆಯ ವಯಸ್ಸಿನಲ್ಲಿ ಮ್ಯಾಡ್ರಿಡ್‌ನಲ್ಲಿ ತೀರಿಕೊಂಡರು.

ಹೆಂಡದಂಗಡಿಯ ವಾದ್ಯವನ್ನು ಮಹಾಸಭಾಂಗಣಕ್ಕೆ ತಂದ ಕೀರ್ತಿ ಸೆಗೋವಿಯಾರದು. ಅದನ್ನು ಯಾರೂ ಅಲ್ಲಗಳೆಯರು. ಆದರೆ ಆ ಸಭಾಂಗಣದಲ್ಲಿ ಶ್ರುತಿ ಕೆಡದೆ ನುಡಿಯುವ ತಂತಿಯನ್ನು ಕೊಟ್ಟ ಕೈ ಆಗಸ್ಟೀನರದು. ಕಲಾವಿದನ ಚರಿತ್ರೆ ಬರೆಯುವಾಗ ಕುಶಲಕರ್ಮಿಗೂ ಒಂದು ಪುಟ ಮೀಸಲಿಡುವುದು ನ್ಯಾಯ. ಇಂದು ಶಾಸ್ತ್ರೀಯ ಗಿಟಾರ್ ಕಲಿಯಲು ಕೂರುವ ಮಗುವಿನ ಬೆರಳಿಗೆ ಮೊದಲು ತಾಗುವುದು ಬಹುಪಾಲು ನೈಲಾನ್ ತಂತಿಯೇ.