ಗಾಳಿಯಂತ್ರದ ಕೆಳಗಿನ ನೆಲ ಯಾರದು?

ನಾನು ಓದಿದ್ದು ಎಂಜಿನಿಯರಿಂಗ್. ಗಾಳಿಯಂತ್ರ ಕಂಡರೆ ಎಷ್ಟು ಮೆಗಾವ್ಯಾಟ್ ಅಂತಷ್ಟೇ ಕೇಳ್ತಿದ್ದೆ. ಅದು ನಿಂತಿರೋ ನೆಲ ಯಾರದು ಅನ್ನೋ ಪ್ರಶ್ನೆ ನನ್ನ ಲೆಕ್ಕದಲ್ಲೇ ಇರಲಿಲ್ಲ. ಆ ಪ್ರಶ್ನೆ ನನಗೆ ಸಿಕ್ಕಿದ್ದು ಎಲ್ಸಾ ಲೌಲಾ ರೆನ್‌ಬರ್ಗ್ ಎಂಬ ಸಾಮಿ ಹೆಣ್ಣುಮಗಳ ಬದುಕಿನಲ್ಲಿ.

ಎಲ್ಸಾ ಹುಟ್ಟಿದ್ದು 1877ರಲ್ಲಿ, ಸ್ವೀಡನ್ನಿನ ಹಿಮಸಾರಂಗ ಸಾಕುವ ಕುಟುಂಬದಲ್ಲಿ. ಸ್ಟಾಕ್‌ಹೋಮ್‌ಗೆ ಹೋಗಿ ಸೂಲಗಿತ್ತಿಯ ತರಬೇತಿ ಪಡೆದರು. ಆಗ ಸರ್ಕಾರದ ಕಣ್ಣಲ್ಲಿ ಉಳುವವನಷ್ಟೇ ನೆಲದ ಒಡೆಯ. ಹಿಂಡಿನ ಜೊತೆ ಋತುವಿಗೆ ತಕ್ಕಂತೆ ಅಲೆಯುವ ಸಾಮಿಗಳಿಗೆ ಮೇಯಿಸುವ ಹಕ್ಕು ಮಾತ್ರ, ಒಡೆತನ ಇಲ್ಲ. ವಲಸೆ ಬಂದ ರೈತರು ಬೇಲಿ ಹಾಕುತ್ತಾ ಹೋದಂತೆ ಹುಲ್ಲುಗಾವಲು ಕರಗುತ್ತಾ ಹೋಯಿತು.

1904ರಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ, ಎಲ್ಸಾ ಒಂದು ಕಿರುಹೊತ್ತಿಗೆ ಬರೆದರು. ಇದು ನಮ್ಮ ಜನರ ಅಳಿವು ಉಳಿವಿನ ಪ್ರಶ್ನೆ, ನಮಗೂ ಭೂಮಿಯ ಹಕ್ಕು, ಒಳ್ಳೆಯ ಶಾಲೆ, ಸಂಘಟನೆ ಬೇಕು ಎಂಬುದು ಅದರ ತಿರುಳು. ಬರೆದು ಸುಮ್ಮನಾಗಲಿಲ್ಲ. ಅದೇ ವರ್ಷ ಸಾಮಿಗಳ ಸಂಘ ಕಟ್ಟಿ ತಾವೇ ಅಧ್ಯಕ್ಷರಾದರು. ಹೆಂಗಸರಿಗೆ ಮತದಾನದ ಹಕ್ಕೇ ಇಲ್ಲದ ಕಾಲ ಅದು, ನೆನಪಿರಲಿ.

1908ರಲ್ಲಿ ಹಿಮಸಾರಂಗ ಸಾಕುವ ಥಾಮಸ್ ರೆನ್‌ಬರ್ಗ್ ಅವರನ್ನು ಮದುವೆಯಾಗಿ ನಾರ್ವೆಗೆ ಹೋದರು. ಹಿಂಡು, ಮಕ್ಕಳು, ಮನೆಗೆಲಸ ಎಲ್ಲದರ ನಡುವೆಯೇ 1910ರಲ್ಲಿ ಸಾಮಿ ಮಹಿಳೆಯರ ಸಂಘವನ್ನೂ ಶುರುಮಾಡಿದರು. ಹಿಂಡು ಕಾಯುವ ದುಡಿಮೆಯಲ್ಲಿ ಹೆಂಗಸರ ಪಾಲಿದೆ, ಹಾಗಿರುವಾಗ ತೀರ್ಮಾನದಲ್ಲೂ ಇರಬೇಕು ಎಂಬುದು ಅವರ ನಿಲುವು. 1917ರ ಫೆಬ್ರವರಿ 6ರಂದು ಟ್ರಾಂಡ್‌ಹೈಮ್‌ನ ಮೆಥಡಿಸ್ಟ್ ಚರ್ಚಿನಲ್ಲಿ ಗಡಿಯ ಎರಡೂ ಕಡೆಯ ನೂರಕ್ಕೂ ಹೆಚ್ಚು ಸಾಮಿಗಳು ಮೊದಲ ಬಾರಿ ಒಟ್ಟಿಗೆ ಕೂತರು. ಅದರ ಹಿಂದಿನ ಶಕ್ತಿ ಎಲ್ಸಾ. ಆ ದಿನವೇ ಇವತ್ತು ಸಾಮಿಗಳ ರಾಷ್ಟ್ರೀಯ ದಿನ. ಅದನ್ನು ನೋಡಲು ಅವರು ಇರಲಿಲ್ಲ. 1931ರಲ್ಲಿ ಕ್ಷಯ ಅವರನ್ನು ಬಲಿ ತೆಗೆದುಕೊಂಡಿತು.

ಟ್ರಾಂಡ್‌ಹೈಮ್‌ನ ಆಚೆ ದಡದಲ್ಲಿ ಫೋಸೆನ್ ಇದೆ. ಅಲ್ಲಿ ಹಿಮಸಾರಂಗಗಳು ಚಳಿಗಾಲದಲ್ಲಿ ಮೇಯುವ ಜಾಗದಲ್ಲಿ 151 ಗಾಳಿಯಂತ್ರಗಳು ಎದ್ದವು. ಇದು ಸಾಮಿಗಳ ಹಕ್ಕಿನ ಉಲ್ಲಂಘನೆ ಅಂತ ನಾರ್ವೆಯ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಹೇಳಿತು. ಯಂತ್ರಗಳು ಮಾತ್ರ ನಿಲ್ಲಲಿಲ್ಲ. 500 ದಿನ ಕಾದ ಸಾಮಿ ಯುವಜನರು 2023ರಲ್ಲಿ ಓಸ್ಲೋದ ಸಚಿವಾಲಯದೊಳಗೇ ಧರಣಿ ಕೂತರು. ಕೊನೆಗೆ ಪರಿಹಾರದ ಒಪ್ಪಂದವಾಯಿತು, ಯಂತ್ರಗಳು ಅಲ್ಲೇ ಉಳಿದವು.

ಹವಾಮಾನ ಬದಲಾವಣೆಗೆ ಗಾಳಿ ವಿದ್ಯುತ್ ಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಯಂತ್ರ ನೆಟ್ಟಾದ ಮೇಲೆ ಹಕ್ಕಿನ ಲೆಕ್ಕ ಹಾಕುವುದು ನ್ಯಾಯ ಅಲ್ಲ. ನೆಲದವರನ್ನು ಮೊದಲು ಕೇಳಿ ಅನ್ನೋದನ್ನು ಎಲ್ಸಾ 1904ರಲ್ಲೇ ಕಲಿಸಿದ್ದರು.