ರಾಸ್ ಕಂಡ ಕಪ್ಪು ಚುಕ್ಕೆ

ರಕ್ತದ ಸ್ಲೈಡಿನ ಫೋಟೊ ನೋಡಿ ಮಲೇರಿಯಾ ಗುರುತಿಸುವ ಪ್ರೋಗ್ರಾಂ ಈಗ ಮಿನಿ ಪ್ರಾಜೆಕ್ಟಿಗೆ ನಾವೇ ಬರೀಬಹುದು. ಆದ್ರೆ ರೊನಾಲ್ಡ್ ರಾಸ್‌ಗೆ ಇದ್ದದ್ದು ಮೈಕ್ರೋಸ್ಕೋಪು, ಎರಡು ಕಣ್ಣು ಅಷ್ಟೇ.

1857ರಲ್ಲಿ ಅಲ್ಮೋರಾದಲ್ಲಿ ಹುಟ್ಟಿದ ರಾಸ್ ಸೈನ್ಯದ ಡಾಕ್ಟರು. ಬೆಂಗಳೂರಲ್ಲೂ ಕೆಲಸ ಮಾಡಿದ್ದರು. ರೋಗಿಯ ರಕ್ತದಲ್ಲಿ ಮಲೇರಿಯಾದ ಜೀವಿ ಇದೆ ಅಂತ ಲಾವರಾನ್ 1880ರಲ್ಲೇ ಕಂಡುಹಿಡಿದಿದ್ದರು. ರಾಸ್ ಎಷ್ಟು ಹುಡುಕಿದರೂ ಅದು ಕಾಣಲಿಲ್ಲ. ಹಾಗಾಗಿ ನಂಬಲೂ ಇಲ್ಲ. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಸ್ಲೈಡ್ ಇಟ್ಟು ತೋರಿಸಿಕೊಟ್ಟ ಮೇಲೆ ಕಣ್ಣು ಪಳಗಿತು.

ಆಮೇಲೆ ಸಿಕಂದರಾಬಾದಿನಲ್ಲಿ ಸೊಳ್ಳೆ ಕೊಯ್ಯೋ ಕೆಲಸ. ಪಂಖಾ ಎಳೆಸಿದರೆ ಸೊಳ್ಳೆ ಹಾರಿಹೋಗುತ್ತೆ ಅಂತ ಸೆಕೆಯಲ್ಲೇ ಕೂತರು. ಬೆವರಿಗೆ ಮೈಕ್ರೋಸ್ಕೋಪಿನ ಸ್ಕ್ರೂ ತುಕ್ಕು ಹಿಡೀತು. 1897ರ ಆಗಸ್ಟ್ 20ರಂದು, ರೋಗಿಯ ರಕ್ತ ಕುಡಿದ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಕಪ್ಪು ಚುಕ್ಕೆಗಳಿದ್ದ ದುಂಡು ಕೋಶಗಳು ಕಂಡವು. ರೋಗಿಗಳ ರಕ್ತದಲ್ಲಿ ನೋಡಿದ್ದ ಅದೇ ಕಪ್ಪು! 1902ರಲ್ಲಿ ನೊಬೆಲ್ ಬಂತು. 1932ರಲ್ಲಿ ರಾಸ್ ತೀರಿಕೊಂಡರು.

ಒಂದು ಕಾಲದಲ್ಲಿ ಚಳಿಜ್ವರಕ್ಕೆ ನಡುಗಿದ ಮಲೆನಾಡು ನಮ್ಮದು. ಕಾನಸೂರಿನಂಥ ಊರಿಗೆ ರಕ್ತತಜ್ಞರು ಬರದಿದ್ದರೂ ಫೋನ್ ಕ್ಯಾಮೆರಾ ಬಂದಾಗಿದೆ. ಆದ್ರೆ ಅದರೊಳಗಿನ ಮಾಡೆಲ್‌ಗೂ ಮೊದಲು ಯಾರಾದ್ರೂ ಮ್ಯಾನ್ಸನ್ ತರಹ ಸಾವಿರಾರು ಸ್ಲೈಡ್ ಇಟ್ಟು ತೋರಿಸಿಕೊಡಬೇಕು.